ಕಡಲ ದಂಡೆಯ ಆ ಬಾರ್ ಎಲ್ಲಿದೆ? 'ಟಾಪ್ ಗನ್' ಶೂಟಿಂಗ್ ನಡೆದ ನಿಜವಾದ ಸೇನಾನೆಲೆಗಳು

2022ರ ಹಾಲಿವುಡ್ ಚಿತ್ರ 'ಟಾಪ್ ಗನ್: ಮ್ಯಾವರಿಕ್' ನೋಡಿದವರು ಕಡಲ ದಂಡೆಯ ಆ ಬಾರನ್ನು ಮರೆತಿರುವುದಿಲ್ಲ. ಒಳಗೆ ಪಿಯಾನೋ, ಪೈಲಟ್‌ಗಳ ಗದ್ದಲ. ಬಾಗಿಲು ದಾಟಿದರೆ ಮರಳು, ಮರಳು ದಾಟಿದರೆ ಪೆಸಿಫಿಕ್ ಸಾಗರ. ಸ್ಯಾನ್ ಡಿಯೆಗೊಗೆ ಹೋದವರಿಗೆ ಅಲ್ಲೊಮ್ಮೆ ಕೂತು ಬರೋಣ ಅನ್ನಿಸುವುದು ಸಹಜ. ಆದರೆ ಅಲ್ಲಿ ಆ ಬಾರ್ ಇಲ್ಲ. ಮೊದಲೂ ಇರಲಿಲ್ಲ. ನಾರ್ತ್ ಐಲ್ಯಾಂಡ್ ನೌಕಾ ವಾಯುನೆಲೆಯ ಬೇಲಿಯೊಳಗೆ ಒಂದು ಬೀಚ್ ಇದೆ. ಸಿನಿಮಾದವರು ಅಲ್ಲಿ ಸೆಟ್ ಹಾಕಿದರು, ಶೂಟಿಂಗ್ ಮುಗಿದ ಮೇಲೆ ಬಿಚ್ಚಿಕೊಂಡು ಹೋದರು. ಉಳಿಸಿದ್ದರೂ ನಮಗೇನೂ ಉಪಯೋಗವಿರಲಿಲ್ಲ ಬಿಡಿ. ಗುರುತಿನ ಚೀಟಿ ಇಲ್ಲದವರನ್ನು ಆ ಗೇಟಿನೊಳಗೆ ಬಿಡುವುದಿಲ್ಲ.

ಬಾರ್ ಸುಳ್ಳು, ಅದರ ಹೆಸರು ಮಾತ್ರ ನಿಜ. 'ಹಾರ್ಡ್ ಡೆಕ್' ಎಂಬುದು ಫೈಟರ್ ಪೈಲಟ್‌ಗಳ ದಿನನಿತ್ಯದ ಮಾತು. ಅಣಕು ಕಾಳಗ ನಡೆಸುವಾಗ ಒಂದು ಎತ್ತರವನ್ನು 'ಇದೇ ನೆಲ' ಎಂದು ಅಂದುಕೊಳ್ಳುತ್ತಾರೆ. 1986ರ ಮೊದಲ ಚಿತ್ರದಲ್ಲಿ ಅದು 10,000 ಅಡಿ. ನಿಜವಾದ ನೆಲ ಇನ್ನೂ ಎಷ್ಟೋ ಕೆಳಗಿದ್ದರೂ ಆ ಎತ್ತರಕ್ಕಿಂತ ಇಳಿದವನು ನೆಲಕ್ಕೆ ಬಡಿದು ಸತ್ತ ಎಂದೇ ಲೆಕ್ಕ. ಕಲಿಯುವಾಗ ಜೀವ ಹೋಗದಿರಲಿ ಅಂತ ಈ ಏರ್ಪಾಡು.

ಇಡೀ ಚಿತ್ರದ ಜಾಗಗಳೂ ಹೆಚ್ಚುಕಡಿಮೆ ಈ ಬಾರಿನ ಹಾಗೆಯೇ. ಸುಳ್ಳು ಕತೆ ಒಂದು ನಿಜವಾದ ನೆಲೆಯ ಅಂಗಳದಲ್ಲಿ ನಡೆಯುತ್ತದೆ. ತೆರೆಯ ಮೇಲೆ ಒಂದೇ ಊರಿನಂತೆ ಕಾಣುವುದನ್ನು ಅಮೆರಿಕದ ಮೂರು ರಾಜ್ಯಗಳಲ್ಲಿ ಮತ್ತು ಎರಡು ಸಾಗರಗಳಲ್ಲಿ ಹಿಡಿದು ತಂದು ಹೊಲಿದಿದ್ದಾರೆ. ಯಾಕೆ ಇಷ್ಟೊಂದು ಅಲೆದಾಟ? ಒಂದೇ ನೆಲೆಯಲ್ಲಿ ಕೂತು ಮುಗಿಸಬಹುದಿತ್ತು, ಅಲ್ವಾ?

ಆಗುತ್ತಿರಲಿಲ್ಲ. ಅದಕ್ಕೆ ಕಾರಣ ಒಂದು ನಿಯಮ.

ಬಾಡಿಗೆಗೆ ಸಿಗುವ ಜಾಗ ಅಲ್ಲ

ದುಡ್ಡು ಕೊಟ್ಟರೆ ಸೇನೆ ವಿಮಾನ, ಹಡಗು ಎಲ್ಲ ಬಾಡಿಗೆಗೆ ಕೊಡುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಮದುವೆ ಛತ್ರ ಹಿಡಿದಂತೆ ಯುದ್ಧನೌಕೆ ಹಿಡಿಯಲು ಬರುವುದಿಲ್ಲ. ಸಿನಿಮಾದವರೊಂದಿಗೆ ವ್ಯವಹರಿಸಲು ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಪ್ರತ್ಯೇಕ ಕಚೇರಿಯೇ ಇದೆ. ಮೊದಲು ಚಿತ್ರಕತೆ ಕೊಡಬೇಕು. ಅವರು ಓದುತ್ತಾರೆ, ಬದಲಾವಣೆ ಕೇಳುತ್ತಾರೆ, ಒಪ್ಪಿದರೆ ಲಿಖಿತ ಒಪ್ಪಂದ ಆಗುತ್ತದೆ. ಅದರಲ್ಲಿ ನಮಗೆ ಬೇಕಾದದ್ದು ಎರಡು ಅಂಶ. ಶೂಟಿಂಗ್‌ನಿಂದ ಸೇನೆಯ ಮಾಮೂಲಿ ಕೆಲಸಕ್ಕೆ ಅಡ್ಡಿ ಆಗಬಾರದು. ಸಿನಿಮಾಕ್ಕಾಗಿಯೇ ಆದ ಹೆಚ್ಚುವರಿ ಖರ್ಚನ್ನು ಸಿನಿಮಾದವರೇ ಕೊಡಬೇಕು.

ಎರಡನೆಯದನ್ನು ತಿರುಗಿಸಿ ನೋಡಿ. ಹೇಗೂ ಆಗುತ್ತಿದ್ದ ಕೆಲಸಕ್ಕೆ ಬಿಲ್ ಇಲ್ಲ. ವಿಮಾನ ತನ್ನ ಮಾಮೂಲಿ ತರಬೇತಿಗೆ ಹಾರುತ್ತಿದ್ದು ಕ್ಯಾಮೆರಾ ಸುಮ್ನೆ ಜೊತೆಯಲ್ಲಿದ್ದರೆ ಆ ಹಾರಾಟಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸಿನಿಮಾಕ್ಕೆಂದೇ ಮೇಲೆದ್ದರೆ ಗಂಟೆಯ ಲೆಕ್ಕ ಶುರು. ಮೊದಲ ಚಿತ್ರದ ಕಾಲದಲ್ಲಿ ಎಫ್-14 ವಿಮಾನಕ್ಕೆ ಗಂಟೆಗೆ 7,800 ಡಾಲರ್‌ವರೆಗೆ ಆಗುತ್ತಿತ್ತು. ಎರಡನೆಯ ಚಿತ್ರದ ಹೊತ್ತಿಗೆ ಎಫ್/ಎ-18 ಸೂಪರ್ ಹಾರ್ನೆಟ್‌ನ ದರ ಗಂಟೆಗೆ 11,374 ಡಾಲರ್.

ಹಾಗಾಗಿ ಬುದ್ಧಿವಂತ ನಿರ್ಮಾಪಕ ನೆಲೆಯನ್ನು ಹುಡುಕುವುದಿಲ್ಲ, ಕೆಲಸವನ್ನು ಹುಡುಕುತ್ತಾನೆ. ತನ್ನ ಕತೆಗೆ ಬೇಕಾದದ್ದು ಈಗಾಗಲೇ ಎಲ್ಲಿ ನಡೆಯುತ್ತಿದೆಯೋ ಅಲ್ಲಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗುತ್ತಾನೆ. ಬೆಟ್ಟದ ಸಂದಿಯಲ್ಲಿ ಹಾರುವ ಅಭ್ಯಾಸ ಒಂದು ಕಡೆ, ಅಣಕು ಕಾಳಗ ಇನ್ನೊಂದು ಕಡೆ, ಹಡಗಿನಿಂದ ಏರುವುದು ಮತ್ತೊಂದು ಕಡೆ. ಇದು ತಲೆಯಲ್ಲಿದ್ದರೆ ಮುಂದಿನ ಜಾಗಗಳ ಪಟ್ಟಿ ತಾನಾಗಿಯೇ ಅರ್ಥವಾಗುತ್ತದೆ.

ಮೀರಾಮಾರ್: ಶಾಲೆ ನಿಜವಾಗಿಯೂ ಅಲ್ಲಿತ್ತು

ಟಾಪ್ ಗನ್ ಎಂಬುದು ಸಿನಿಮಾದವರು ಕಟ್ಟಿದ ಹೆಸರಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೌಕಾದಳ ಒಂದು ಕಹಿ ಸತ್ಯ ಕಂಡುಕೊಂಡಿತು. ತಾನು ಒಂದು ವಿಮಾನ ಕಳೆದುಕೊಂಡರೆ ಎದುರಾಳಿಯ ಎರಡು, ಹೆಚ್ಚೆಂದರೆ ಮೂರು ವಿಮಾನ ಬೀಳುತ್ತಿದ್ದವು. ಹಿಂದಿನ ಯುದ್ಧಗಳಲ್ಲಿ ಲೆಕ್ಕ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಕ್ಷಿಪಣಿ ಬಂದ ಮೇಲೆ ಹತ್ತಿರ ಹೋಗಿ ಕಾದಾಡುವ ವಿದ್ಯೆ ಬೇಕಿಲ್ಲ ಎಂದುಕೊಂಡು ಪೈಲಟ್‌ಗಳು ಅದನ್ನು ಮರೆತೇಬಿಟ್ಟಿದ್ದರು. ಕ್ಷಿಪಣಿಗಳು ಎಣಿಸಿದಂತೆ ಕೆಲಸ ಮಾಡಲಿಲ್ಲ. ಕ್ಯಾಪ್ಟನ್ ಫ್ರ್ಯಾಂಕ್ ಆಲ್ಟ್ ಎಂಬ ಅಧಿಕಾರಿ 1968ರಲ್ಲಿ ವರದಿ ಕೊಟ್ಟರು. ಅದರ ಫಲವಾಗಿ 1969ರ ಮಾರ್ಚ್‌ನಲ್ಲಿ ಸ್ಯಾನ್ ಡಿಯೆಗೊದ ಮೀರಾಮಾರ್ ನೌಕಾ ವಾಯುನೆಲೆಯಲ್ಲಿ ಒಂದು ಶಾಲೆ ಶುರುವಾಯಿತು. ಅದೇ ಟಾಪ್ ಗನ್. ಯುದ್ಧದ ಕೊನೆಯ ವರ್ಷಗಳಲ್ಲಿ ನೌಕಾದಳದ ಲೆಕ್ಕ ಒಂದಕ್ಕೆ ಹನ್ನೆರಡರ ಆಸುಪಾಸಿಗೆ ಏರಿತು.

1985ರಲ್ಲಿ ನಿರ್ದೇಶಕ ಟೋನಿ ಸ್ಕಾಟ್ ತಂಡ ಮೀರಾಮಾರ್‌ಗೆ ಬಂದಾಗ ಶಾಲೆ ಇನ್ನೂ ಅಲ್ಲೇ ಇತ್ತು. ಎಫ್-14 ಟಾಮ್‌ಕ್ಯಾಟ್‌ಗಳು ಅಲ್ಲೇ ಇದ್ದವು. 'ಫೈಟರ್‌ಟೌನ್ ಯುಎಸ್ಎ' ಎನ್ನುವುದು ಆ ನೆಲೆಯ ನಿಜವಾದ ಅಡ್ಡಹೆಸರು. ಕತೆ ಎಲ್ಲಿ ನಡೆಯಬೇಕೋ ಅಲ್ಲೇ ಶೂಟಿಂಗ್ ಆಯಿತು. ಜಾಗದ ವಿಚಾರದಲ್ಲಿ ಮೊದಲ ಚಿತ್ರ ಎರಡನೆಯದಕ್ಕಿಂತ ಜಾಸ್ತಿ ಪ್ರಾಮಾಣಿಕ.

ಆಮೇಲೆ ಶೀತಲ ಸಮರ ಮುಗಿಯಿತು. ಅಮೆರಿಕ ಒಂದೊಂದೇ ನೆಲೆಯನ್ನು ಮುಚ್ಚುತ್ತಾ, ಒಂದರೊಳಗೆ ಇನ್ನೊಂದನ್ನು ಸೇರಿಸುತ್ತಾ ಬಂತು. ಮೀರಾಮಾರ್ 1997ರಲ್ಲಿ ಮೆರೀನ್ ಪಡೆಯ ಕೈಗೆ ಹೋಯಿತು. ಶಾಲೆ ಅದಕ್ಕೂ ಮೊದಲೇ, 1996ರಲ್ಲಿ, ನೆವಾಡಾ ಮರುಭೂಮಿಯ ಫಾಲನ್‌ಗೆ ಗಂಟುಮೂಟೆ ಕಟ್ಟಿತ್ತು. ಇವತ್ತಿಗೂ ಅಲ್ಲೇ ಇದೆ.

ಫಾಲನ್: ಬೆಟ್ಟ ಇಲ್ಲದಿದ್ದರೆ ವೇಗವೇ ಇಲ್ಲ

ಸಿನಿಮಾದವರಿಗೆ ಫಾಲನ್ ಯಾಕೆ ಬೇಕು ಎಂದು ತಿಳಿಯಲು 1927ಕ್ಕೆ ಹೋಗಬೇಕು. ಆ ವರ್ಷ 'ವಿಂಗ್ಸ್' ಎಂಬ ಮೂಕಿಚಿತ್ರ ಬಂತು. ಮೊದಲ ಮಹಾಯುದ್ಧದ ಪೈಲಟ್‌ಗಳ ಕತೆ, ಆಸ್ಕರ್‌ನ ಮೊಟ್ಟಮೊದಲ ಅತ್ಯುತ್ತಮ ಚಿತ್ರ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಸುತ್ತಲಿನ ಸೇನಾನೆಲೆಗಳಲ್ಲಿ, ಕೆಲ್ಲಿ ಫೀಲ್ಡ್‌ನಲ್ಲಿ ಅದರ ಶೂಟಿಂಗ್ ಆಯಿತು. ಭೂಸೇನೆ ಸಾವಿರಾರು ಸೈನಿಕರನ್ನೂ ವಿಮಾನಗಳನ್ನೂ ಕೊಟ್ಟಿತ್ತು. ಎಲ್ಲ ಸಿದ್ಧ, ಆಕಾಶ ಕನ್ನಡಿಯಂತೆ ಸ್ವಚ್ಛ. ನಿರ್ದೇಶಕ ವಿಲಿಯಂ ವೆಲ್‌ಮನ್ ಮಾತ್ರ ಶೂಟಿಂಗ್ ಮಾಡದೆ ದಿನಗಟ್ಟಲೆ ಕೂತುಬಿಟ್ಟ. ಮೋಡ ಬರಲಿ ಎಂದ. ಸ್ಟುಡಿಯೋದವರು ಕಿರುಚಾಡಿದರು. ಅವನು ಜಗ್ಗಲಿಲ್ಲ.

ವೆಲ್‌ಮನ್ ಸ್ವತಃ ಮೊದಲ ಮಹಾಯುದ್ಧದಲ್ಲಿ ಫೈಟರ್ ಹಾರಿಸಿದವನು. ಖಾಲಿ ನೀಲಿ ಆಕಾಶದಲ್ಲಿ ವಿಮಾನ ಎಷ್ಟೇ ಜೋರಾಗಿ ಹೋದರೂ ಕ್ಯಾಮೆರಾಗೆ ಅದು ನಿಂತ ನೊಣದ ಹಾಗೆ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು. ವೇಗ ಕಣ್ಣಿಗೆ ಬೀಳಬೇಕಾದರೆ ಹಿಂದೆ ಏನಾದರೂ ಸರಿಯಬೇಕು. ಬಸ್ಸಿನಲ್ಲಿ ಕೂತಾಗ ದೂರದ ಬೆಟ್ಟ ನಿಂತಂತಿದ್ದು ಪಕ್ಕದ ಮರಗಳು ಹಿಂದಕ್ಕೆ ಓಡುತ್ತವೆ. ಆ ಮರಗಳೇ ನಮಗೆ ವೇಗ ಹೇಳುವುದು. ವೆಲ್‌ಮನ್ ಮೋಡಕ್ಕೆ ಕಾದದ್ದು ಇದಕ್ಕೇ.

ಟೋನಿ ಸ್ಕಾಟ್‌ಗೂ ಅದೇ ತಲೆನೋವು. ಸಮುದ್ರದ ಮೇಲೆ ಎರಡು ವಿಮಾನ ಒಂದನ್ನೊಂದು ಅಟ್ಟಿದರೆ ಕೆಳಗೂ ನೀಲಿ, ಮೇಲೂ ನೀಲಿ. ಯಾವುದು ಎಲ್ಲಿದೆ, ಯಾರು ಯಾರ ಹಿಂದಿದ್ದಾರೆ, ಏನೂ ತಿಳಿಯುವುದಿಲ್ಲ. ಫಾಲನ್ ಸುತ್ತ ಬೋಳು ಬೆಟ್ಟಗಳ ಸಾಲು, ನಡುನಡುವೆ ಒಣಗಿದ ಕೆರೆಯ ಬಿಳಿ ಅಂಗಳ. ಬೆಟ್ಟದ ನೆತ್ತಿಯಲ್ಲಿ ಕ್ಯಾಮೆರಾ ಇಟ್ಟರೆ ವಿಮಾನಗಳು ಎದುರಿನಿಂದಲೇ ಸೀಳಿಕೊಂಡು ಹೋಗುತ್ತವೆ. ಮೊದಲ ಚಿತ್ರದ ಕಾಳಗದ ಒಳ್ಳೆಯ ತುಣುಕುಗಳು ಬಂದದ್ದು ಇಲ್ಲಿಂದ. ಅಂದರೆ ಶಾಲೆ ಫಾಲನ್‌ಗೆ ಹೋಗುವ ಹತ್ತು ವರ್ಷ ಮೊದಲೇ ಸಿನಿಮಾ ಅಲ್ಲಿಗೆ ಹೋಗಿತ್ತು!

ನೌಕಾದಳಕ್ಕೆ ಫಾಲನ್ ಇಷ್ಟವಾಗಲು ಬೇರೆ ಕಾರಣ. ಊರಿನ ಗೊಡವೆ ಇಲ್ಲದ ವಿಶಾಲ ಆಕಾಶ, ಬಾಂಬು ಹಾಕಿ ಅಭ್ಯಾಸ ಮಾಡುವ ಬಯಲುಗಳು, 14,000 ಅಡಿ ಉದ್ದದ ರನ್‌ವೇ. ಹಾರುವ ಪ್ರತಿ ವಿಮಾನದ ಜಾಡನ್ನೂ ದಾಖಲಿಸುವ ವ್ಯವಸ್ಥೆ ಅಲ್ಲಿದೆ. ಇಳಿದ ಮೇಲೆ ಇಡೀ ಕಾಳಗವನ್ನು ಪರದೆಯ ಮೇಲೆ ಮತ್ತೆ ಓಡಿಸಿ ಗಂಟೆಗಟ್ಟಲೆ ತಪ್ಪು ಹುಡುಕುತ್ತಾರೆ. ಹಾರಾಟ ಒಂದು ಗಂಟೆಯದಾದರೆ ವಿಚಾರಣೆ ಅದರ ಎಷ್ಟೋ ಪಟ್ಟು. ನಿಜವಾದ ಟಾಪ್ ಗನ್ ಎಂದರೆ ಬಹುಪಾಲು ಈ ಕೋಣೆಯೇ. ಕುರ್ಚಿ, ಬೋರ್ಡು, ತಪ್ಪಿನ ಪಟ್ಟಿ. ಇದನ್ನು ತೆಗೆದರೆ ಯಾರು ನೋಡುತ್ತಾರೆ ಹೇಳಿ.

ಮೊದಲ ಚಿತ್ರದ ಶತ್ರು ವಿಮಾನವೂ ಈ ಶಾಲೆಯ ಆಸ್ತಿಯೇ. 'ಮಿಗ್-28' ಎಂಬ ವಿಮಾನ ಜಗತ್ತಿನಲ್ಲಿ ಇಲ್ಲ. ತರಬೇತಿಯಲ್ಲಿ ಶತ್ರುವಿನ ಪಾತ್ರ ಮಾಡುತ್ತಿದ್ದ ಎಫ್-5 ವಿಮಾನಗಳಿಗೇ ಕಪ್ಪು ಬಣ್ಣ ಬಳಿದು ತೆರೆಗೆ ತಂದರು. ಅವು ಆಕಾಶದಲ್ಲಿ ದಿನವೂ ಮಾಡುತ್ತಿದ್ದದ್ದು ಅದೇ ಪಾತ್ರ, ಇಲ್ಲಿ ಬಣ್ಣ ಮಾತ್ರ ಹೊಸದು.

ನಾರ್ತ್ ಐಲ್ಯಾಂಡ್: ಚೆಂದದ ಸುಳ್ಳು

2022ರ ಚಿತ್ರದ ಇಕ್ಕಟ್ಟು ನೋಡಿ. ಶಾಲೆ ಈಗ ಇರುವುದು ಮರುಭೂಮಿಯಲ್ಲಿ. ಅಲ್ಲಿ ಕಡಲಿಲ್ಲ, ಸೂರ್ಯಾಸ್ತದ ಬೀಚಿಲ್ಲ, ದಡಕ್ಕೆ ಕಟ್ಟಿದ ಹಡಗಿಲ್ಲ. ಪ್ರೇಕ್ಷಕರ ಮನಸ್ಸಿನಲ್ಲಿ ಟಾಪ್ ಗನ್ ಎಂದರೆ ಸ್ಯಾನ್ ಡಿಯೆಗೊ. ಹಾಗಾಗಿ ಚಿತ್ರ ಶಾಲೆಯನ್ನು ಎತ್ತಿಕೊಂಡು ಹೋಗಿ ಸ್ಯಾನ್ ಡಿಯೆಗೊ ಪಕ್ಕದ ಕೊರೊನಾಡೊದ ನಾರ್ತ್ ಐಲ್ಯಾಂಡ್‌ನಲ್ಲಿ ಇಟ್ಟಿತು.

ನೆಲೆಗೇನೋ ದೊಡ್ಡ ಇತಿಹಾಸವಿದೆ. 1917ರಲ್ಲಿ ಶುರುವಾದದ್ದು, ವಿಮಾನವಾಹಕ ನೌಕೆಗಳು ಅಲ್ಲಿನ ಧಕ್ಕೆಯಲ್ಲೇ ನಿಲ್ಲುತ್ತವೆ. ತಮಾಷೆ ಏನೆಂದರೆ, ಈಗ ಅದು ಮುಖ್ಯವಾಗಿ ಹೆಲಿಕಾಪ್ಟರ್‌ಗಳ ನೆಲೆ. ಫೈಟರ್ ಸ್ಕ್ವಾಡ್ರನ್‌ಗಳ ಮನೆ ಅಲ್ಲವೇ ಅಲ್ಲ. ಹಾರ್ನೆಟ್‌ಗಳು ಅಲ್ಲಿಗೆ ಬರುವುದು ಹೆಚ್ಚಾಗಿ ದುರಸ್ತಿಗೆ. ಅಂದರೆ ಜಗತ್ತಿನ ಅತ್ಯಂತ ಪ್ರಸಿದ್ಧ ಫೈಟರ್ ಶಾಲೆಯನ್ನು ಸಿನಿಮಾ ಒಂದು ರಿಪೇರಿ ಕಾರ್ಖಾನೆಯ ಪಕ್ಕಕ್ಕೆ ತಂದಿಟ್ಟಿತು. ಹಾಗಂತ ಇದು ನನಗೆ ತಪ್ಪು ಅನ್ನಿಸುವುದಿಲ್ಲ. ಆ ಕಡಲ ಬೆಳಕು ಇಲ್ಲದಿದ್ದರೆ ಆ ಚಿತ್ರ ಅರ್ಧ ಒಣಗುತ್ತಿತ್ತು.

ಚಿತ್ರದಲ್ಲಿ ಹಾರುವ ಸೂಪರ್ ಹಾರ್ನೆಟ್‌ಗಳ ನಿಜವಾದ ತವರು ಲಿಮೋರ್. ಕ್ಯಾಲಿಫೋರ್ನಿಯಾದ ನಡುಭಾಗದ ಬಯಲಿನಲ್ಲಿ, ಹೊಲಗಳ ಮಧ್ಯೆ ಇರುವ ನೆಲೆ. ಪಶ್ಚಿಮ ಕರಾವಳಿಯ ನೌಕಾ ಫೈಟರ್‌ಗಳೆಲ್ಲ ಅಲ್ಲಿಂದಲೇ ಹೊರಡುವುದು. ನೋಡಲು ಸಪ್ಪೆ ಜಾಗ, ಅದಕ್ಕೇ ಅದರ ಹೆಸರು ಯಾರ ಬಾಯಲ್ಲೂ ಇಲ್ಲ.

ಕಣಿವೆಯ ಗೋಡೆಗೆ ತಾಗುವಂತೆ ಹಾರುವ ದೃಶ್ಯಗಳಿಗೆ ತಂಡ ಉತ್ತರದ ವಾಷಿಂಗ್ಟನ್ ರಾಜ್ಯಕ್ಕೂ ಹೋಯಿತು. ಅಲ್ಲಿನ ವಿಡ್ಬಿ ಐಲ್ಯಾಂಡ್ ನೌಕಾ ವಾಯುನೆಲೆಯ ಪೂರ್ವಕ್ಕೆ ಕ್ಯಾಸ್ಕೇಡ್ ಪರ್ವತಗಳಿವೆ. ಆ ಬೆಟ್ಟಗಳ ಸಂದಿಯಲ್ಲಿ ಸೇನೆಯ ವಿಮಾನಗಳು ತಗ್ಗಿನಲ್ಲಿ ಹಾರಿ ಅಭ್ಯಾಸ ಮಾಡಲು ನಿಗದಿಯಾದ ದಾರಿಗಳುಂಟು. ರೇಡಾರ್ ಕಣ್ಣು ತಪ್ಪಿಸಲು ಬೆಟ್ಟದ ಮರೆಯಲ್ಲಿ ನುಸುಳುವುದು ಕತೆಯಲ್ಲಿ ಜೀವನ್ಮರಣದ ಸಾಹಸ, ಅಲ್ಲಿನ ಪೈಲಟ್‌ಗಳಿಗೆ ಪಾಠದ ಒಂದು ಭಾಗ. ಮತ್ತದೇ ನಿಯಮ: ಕೆಲಸ ಇದ್ದ ಕಡೆ ಕ್ಯಾಮೆರಾ.

ಚೈನಾ ಲೇಕ್‌ನಲ್ಲಿ ಹಾರಿಹೋದ ಸೂರು

ಚಿತ್ರದ ಶುರುವಿನಲ್ಲಿ 'ಡಾರ್ಕ್‌ಸ್ಟಾರ್' ಎಂಬ ಗುಟ್ಟಿನ ವಿಮಾನ ಬರುತ್ತದಲ್ಲ, ಆ ಭಾಗದ ಶೂಟಿಂಗ್ ಆದದ್ದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಚೈನಾ ಲೇಕ್‌ನಲ್ಲಿ. ನೌಕಾದಳ ತನ್ನ ಹೊಸ ಆಯುಧಗಳನ್ನು ಪರೀಕ್ಷಿಸುವ ಜಾಗ ಅದು. ಡಾರ್ಕ್‌ಸ್ಟಾರ್ ಹಾರುವ ವಿಮಾನ ಅಲ್ಲ, ಮಾದರಿ. ಆದರೆ ಅದರ ವಿನ್ಯಾಸಕ್ಕೆ ಕೈಜೋಡಿಸಿದ್ದು ಲಾಕ್‌ಹೀಡ್ ಮಾರ್ಟಿನ್‌ನ 'ಸ್ಕಂಕ್ ವರ್ಕ್ಸ್' ಎಂಬ ವಿಭಾಗ. ನಿಜವಾದ ಗುಟ್ಟಿನ ವಿಮಾನಗಳನ್ನು ದಶಕಗಳಿಂದ ಕಟ್ಟಿದವರು ಅವರೇ.

ಅಲ್ಲಿಯ ಒಂದು ದೃಶ್ಯ: ನೌಕಾದಳದ ಹಿರಿಯ ಅಧಿಕಾರಿ ಕಾವಲು ಮನೆಯ ಬಳಿ ನಿಂತಿದ್ದಾರೆ, ವಿಮಾನ ತಲೆಯ ಮೇಲೆಯೇ ಹಾದುಹೋಗುತ್ತದೆ, ಮಣ್ಣು ಮುಖಕ್ಕೆ ಬಡಿಯುತ್ತದೆ, ಕಾವಲು ಮನೆಯ ಸೂರು ಎದ್ದುಹೋಗುತ್ತದೆ. ಇದು ಕಂಪ್ಯೂಟರ್ ಕೈಚಳಕ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ವಿಮಾನ ಹೌದು, ಸೂರು ಅಲ್ಲ. ಅಂದು ತಗ್ಗಿನಲ್ಲಿ ಹಾರಿದ್ದು ನಿಜವಾದ ಎಫ್/ಎ-18. ಆಮೇಲೆ ಅದರ ಮೇಲೆ ಡಾರ್ಕ್‌ಸ್ಟಾರ್ ರೂಪ ಕೂರಿಸಿದರು. ಸೂರು ಏಳಬೇಕೆಂದು ಯಾರೂ ಯೋಜನೆ ಹಾಕಿರಲಿಲ್ಲ, ಗಾಳಿಯ ಹೊಡೆತಕ್ಕೆ ತಾನಾಗಿ ಎದ್ದಿತು ಎಂದು ನಿರ್ದೇಶಕ ಜೋಸೆಫ್ ಕೊಸಿನ್ಸ್ಕಿ ಹೇಳಿದ್ದಾರೆ. ಆ ಅಧಿಕಾರಿಯ ಪಾತ್ರ ಮಾಡಿದ ನಟ ಎಡ್ ಹ್ಯಾರಿಸ್ ಮಾತ್ರ ಕಣ್ಣು ಪಿಳುಕಿಸದೆ ನಿಂತಿದ್ದರು.

ಹಡಗು ತಿರುಗಿದರೆ ಬೆಳಕೂ ತಿರುಗುತ್ತದೆ

ಶೂಟಿಂಗ್‌ಗೆ ಅತಿ ಕಷ್ಟದ ಜಾಗ ಯಾವುದು ಎಂದರೆ ವಿಮಾನವಾಹಕ ನೌಕೆ. ಜಾಗವೇ ಚಲಿಸುತ್ತದೆ, ಅದೂ ನಿರ್ದೇಶಕನ ಮಾತು ಕೇಳದೆ.

ಮೊದಲ ಚಿತ್ರದ ಹಡಗು ಯುಎಸ್ಎಸ್ ಎಂಟರ್‌ಪ್ರೈಸ್. 342 ಮೀಟರ್ ಉದ್ದ, ಜಗತ್ತಿನ ಮೊದಲ ಅಣುಶಕ್ತಿ ವಿಮಾನವಾಹಕ. ಒಂದು ಸಂಜೆ ಸೂರ್ಯ ಸರಿಯಾಗಿ ವಿಮಾನಗಳ ಬೆನ್ನಿಗಿದ್ದಾನೆ, ಟೋನಿ ಸ್ಕಾಟ್ ಕ್ಯಾಮೆರಾ ಓಡಿಸುತ್ತಿದ್ದಾರೆ. ಇದ್ದಕ್ಕಿದ್ದಂತೆ ಹಡಗು ದಿಕ್ಕು ಬದಲಿಸಿತು. ಬೆಳಕು ಹೋಯಿತು. ಸ್ಕಾಟ್ ಓಡಿಹೋಗಿ ಹಡಗನ್ನು ಮೊದಲಿನ ದಿಕ್ಕಿಗೆ ತಿರುಗಿಸಿ ಎಂದು ಕೇಳಿಕೊಂಡರು. ತಿರುಗಿಸಲು 25,000 ಡಾಲರ್ ಖರ್ಚು ಎಂಬ ಉತ್ತರ ಬಂತು. ಸ್ಕಾಟ್ ನಿಂತ ನಿಲುವಿನಲ್ಲೇ ಚೆಕ್ ಬರೆದುಕೊಟ್ಟರು. ಹಡಗು ತಿರುಗಿತು. ಇನ್ನೈದು ನಿಮಿಷ ಆ ಬೆಳಕು ಸಿಕ್ಕಿತು.

ಎಲ್ಲರೂ ಇದನ್ನು ನಿರ್ದೇಶಕನ ಹುಚ್ಚಿನ ಕತೆಯಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಹಡಗಿನ ಸ್ವಭಾವ ಕಾಣುತ್ತದೆ. ವಿಮಾನ ಏರಲು, ಇಳಿಯಲು ಎದುರುಗಾಳಿ ಬೇಕು. ಡೆಕ್ ಚಿಕ್ಕದು, ಹಾಗಾಗಿ ಇಡೀ ಹಡಗೇ ಗಾಳಿಗೆ ಎದುರಾಗಿ ಓಡಬೇಕು. ಹಡಗಿನ ದಿಕ್ಕನ್ನು ಗೊತ್ತುಮಾಡುವುದು ಗಾಳಿ ಮತ್ತು ಆ ದಿನದ ಕೆಲಸ. ಸೂರ್ಯ ಎಲ್ಲಿದ್ದಾನೆ ಎಂಬುದು ಅಲ್ಲಿ ಯಾರಿಗೂ ಬೇಡ, ಬೇಕಾದವನು ಸಿನಿಮಾದವನೊಬ್ಬನೇ.

ಎರಡನೆಯ ಚಿತ್ರದವರು ಪಾಠ ಕಲಿತಿದ್ದರು ಅನ್ನಿಸುತ್ತದೆ. 2018ರ ಆಗಸ್ಟ್‌ನಲ್ಲಿ ಬರೀ 15 ಜನರ ತಂಡ ಯುಎಸ್ಎಸ್ ಅಬ್ರಹಾಂ ಲಿಂಕನ್ ಹತ್ತಿತು. ಹಡಗು ಆಗ ಅಟ್ಲಾಂಟಿಕ್‌ನಲ್ಲಿ ಎಫ್-35ಸಿ ವಿಮಾನಗಳ ಪರೀಕ್ಷೆಯಲ್ಲಿ ತೊಡಗಿತ್ತು. ತಂಡ ಯಾರಿಗೂ ಅಡ್ಡ ಬರದೆ ನಡೆಯುತ್ತಿದ್ದದ್ದನ್ನೇ ಚಿತ್ರಿಸಿಕೊಂಡಿತು. ಡೆಕ್ ಮೇಲೆ ಬಣ್ಣಬಣ್ಣದ ಅಂಗಿಯಲ್ಲಿ ಓಡಾಡುವವರು ನಟರಲ್ಲ, ಅಲ್ಲಿನ ಸಿಬ್ಬಂದಿ. ಆ ಬಣ್ಣಗಳಿಗೂ ಅರ್ಥವಿದೆ. ಹಳದಿ ತೊಟ್ಟವರು ವಿಮಾನಕ್ಕೆ ದಾರಿ ತೋರಿಸುವವರು, ಹಸಿರು ವಿಮಾನವನ್ನು ಮುಂದಕ್ಕೆ ಚಿಮ್ಮಿಸುವ ಕವಣೆಯಂತ್ರ ನೋಡಿಕೊಳ್ಳುವವರು, ಕೆಂಪು ಆಯುಧದವರು, ನೇರಳೆ ಇಂಧನದವರು. ಜೆಟ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ, ಹಾಗಾಗಿ ಬಣ್ಣವೇ ಮಾತು. 2019ರ ಫೆಬ್ರುವರಿಯಲ್ಲಿ ನಾರ್ತ್ ಐಲ್ಯಾಂಡ್‌ನಲ್ಲಿದ್ದ ಯುಎಸ್ಎಸ್ ಥಿಯೋಡೋರ್ ರೂಸ್‌ವೆಲ್ಟ್ ಮೇಲೂ ಶೂಟಿಂಗ್ ಮಾಡಿದರು. ಒಂದು ಹಡಗು ಪೂರ್ವದ ಸಾಗರದಲ್ಲಿ, ಇನ್ನೊಂದು ಪಶ್ಚಿಮದ ದಡದಲ್ಲಿ. ನೋಡುವವರಿಗೆ ಹೊಲಿಗೆ ಕಾಣುವುದೇ ಇಲ್ಲ.

ಹಿಂದಿನ ಸೀಟು

ಎಲ್ಲಕ್ಕಿಂತ ಚಿಕ್ಕ ಶೂಟಿಂಗ್ ಜಾಗ ಯಾವ ನಕ್ಷೆಯಲ್ಲೂ ಇಲ್ಲ. ಅದು ಎಫ್/ಎ-18ಎಫ್ ವಿಮಾನದ ಹಿಂದಿನ ಸೀಟು.

ಸೂಪರ್ ಹಾರ್ನೆಟ್‌ನಲ್ಲಿ ಎರಡು ಬಗೆ. 'ಇ' ಒಂದು ಸೀಟಿನದು, 'ಎಫ್' ಎರಡು ಸೀಟಿನದು. ಎರಡು ಸೀಟಿನ ವಿಮಾನದಲ್ಲಿ ಮುಂದೆ ನೌಕಾದಳದ ಪೈಲಟ್ ಕೂತು ಹಾರಿಸಿದರು, ಹಿಂದೆ ನಟ ಕೂತು ತಾನೇ ಹಾರಿಸುವಂತೆ ನಟಿಸಿದ. ನಾಯಕ ನಟ ಟಾಮ್ ಕ್ರೂಸ್‌ಗೆ ಪೈಲಟ್ ಲೈಸೆನ್ಸ್ ಇದೆ, ಆದರೂ ಕಂಟ್ರೋಲ್ ಮುಟ್ಟಲು ಬಿಡಲಿಲ್ಲ. ಸೇನೆಯವರಲ್ಲದವರು ಸೇನೆಯ ವಿಮಾನ ಚಲಾಯಿಸುವಂತಿಲ್ಲ ಎಂಬುದು ರಕ್ಷಣಾ ಇಲಾಖೆಯ, ಅಂದರೆ ಪೆಂಟಗನ್‌ನ ನಿಯಮ. ಇನ್ನೊಂದು ಗುಟ್ಟೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ಇನ್ನೂ ಹೊಸದಾದ ಎಫ್-35 ಬಿಟ್ಟು ಹಾರ್ನೆಟ್ ಯಾಕೆ ಬಳಸುತ್ತಾರೆ ಎಂಬುದಕ್ಕೆ ಕತೆಯಲ್ಲಿ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂದು ಏನೋ ಕಾರಣ ಕೊಡುತ್ತಾರೆ. ಎಫ್-35ರಲ್ಲಿ ಎರಡನೆಯ ಸೀಟೇ ಇಲ್ಲ. ನಟನನ್ನು ಎಲ್ಲಿ ಕೂರಿಸುವುದು?

ಆ ಇಕ್ಕಟ್ಟಿನೊಳಗೆ ಆರು ಸೋನಿ ವೆನಿಸ್ ಕ್ಯಾಮೆರಾ ಜೋಡಿಸಿದರು. ನಾಲ್ಕು ನಟನ ಮುಖದ ಕಡೆಗೆ, ಎರಡು ಮುಂದಕ್ಕೆ. ತುರ್ತಿನಲ್ಲಿ ಸೀಟು ಸಮೇತ ಹೊರಕ್ಕೆ ಚಿಮ್ಮಬೇಕಾದರೆ ಒಂದು ತಂತಿಯೂ ಅಡ್ಡ ಬರಬಾರದು, ಅದನ್ನೆಲ್ಲ ನೌಕಾದಳ ಪರೀಕ್ಷಿಸಿ ಒಪ್ಪಬೇಕು. ನಟರು ಮೊದಲು ಚಿಕ್ಕ ಸೆಸ್ನಾ, ಆಮೇಲೆ ಕಸರತ್ತಿನ ಎಕ್ಸ್‌ಟ್ರಾ 300, ಆಮೇಲೆ ಎಲ್-39 ಜೆಟ್ ಹತ್ತಿ ದೇಹ ಹದಮಾಡಿಕೊಂಡರು. ವಿಮಾನ ನೀರಿಗೆ ಬಿದ್ದರೆ ಹೊರಬರುವುದು ಹೇಗೆ ಎಂದು ನೀರಿನೊಳಗೇ ತರಬೇತಿ ಪಡೆದರು.

ಈಗ ಆ ಸೀಟಿನಲ್ಲಿ ಕೂತ ನಟನ ಪಾಡು ಊಹಿಸಿ. ನಿರ್ದೇಶಕ ನೆಲದಲ್ಲಿದ್ದಾನೆ. ಕ್ಯಾಮೆರಾ ಆನ್ ಮಾಡುವುದು ನಟನೇ, ಸೂರ್ಯ ಸರಿಯಾದ ಕಡೆ ಇದ್ದಾನೆಯೇ ಎಂದು ನೋಡುವುದು ನಟನೇ, ಮೇಕಪ್ ಸರಿಮಾಡಿಕೊಳ್ಳುವುದೂ ಅವನೇ. ಆಮೇಲೆ ವಿಮಾನ ತಿರುಗುತ್ತದೆ. ಏಳೂವರೆ ಜಿ, ಅಂದರೆ ಭೂಮಿಯ ಸೆಳೆತದ ಏಳೂವರೆ ಪಟ್ಟು ಒತ್ತಡದಲ್ಲಿ 70 ಕಿಲೋ ಮೈ 525 ಕಿಲೋ ತೂಗಿದಂತೆ. ಕೆನ್ನೆ ಇಳಿಬೀಳುತ್ತದೆ, ಉಸಿರು ಕಟ್ಟುತ್ತದೆ, ಆಗ ಡೈಲಾಗ್ ಹೇಳಬೇಕು. ಇಳಿದು ಬಂದು ಎಲ್ಲರೂ ಕೂತು ನೋಡಿದರೆ ಎಷ್ಟೋ ಸಲ ಅದು ಬಳಕೆಗೆ ಬರುವಂತಿರಲಿಲ್ಲ. ಮತ್ತೆ ಹೊರಡು. ಹನ್ನೆರಡು, ಹದಿನಾಲ್ಕು ಗಂಟೆ ದುಡಿದರೂ ಕೆಲವು ದಿನ ಸಿಗುತ್ತಿದ್ದದ್ದು ಅರ್ಧ ನಿಮಿಷದ ಒಳ್ಳೆಯ ಚಿತ್ರ ಎಂದು ಕೊಸಿನ್ಸ್ಕಿ ಹೇಳಿದ್ದಾರೆ. ಒಟ್ಟು ಸುಮಾರು 800 ಗಂಟೆಯ ದೃಶ್ಯ ಸಂಗ್ರಹವಾಯಿತು.

ನಟನೇ ಸ್ವಿಚ್ ಒತ್ತುವುದು ಹೊಸ ಉಪಾಯ ಅಂದುಕೊಂಡಿದ್ದೆ. ಅಲ್ಲ. 1927ರ 'ವಿಂಗ್ಸ್'ನಲ್ಲಿ ನಟರು ತಮ್ಮ ಎದುರಿಗೆ ಕಟ್ಟಿದ ಕ್ಯಾಮೆರಾವನ್ನು ಹಾರುತ್ತಲೇ ತಾವೇ ಚಾಲೂ ಮಾಡುತ್ತಿದ್ದರು. 1986ರಲ್ಲೂ ನಟರನ್ನು ಎಫ್-14ರಲ್ಲಿ ಹತ್ತಿಸಿದ್ದರು. ಹೆಚ್ಚಿನವರು ವಾಂತಿ ಮಾಡಿಕೊಂಡರು, ಕೊನೆಗೆ ಬಹುಪಾಲು ಕಾಕ್‌ಪಿಟ್ ದೃಶ್ಯಗಳನ್ನು ಸ್ಟುಡಿಯೋದಲ್ಲೇ ತೆಗೆಯಬೇಕಾಯಿತು.

ದುಡ್ಡಲ್ಲದ ಬೆಲೆ

ನೆಲೆಯ ಗೇಟು ತೆರೆಯುವುದಕ್ಕೆ ಕೊಡಬೇಕಾದದ್ದು ಡಾಲರ್ ಒಂದೇ ಅಲ್ಲ. ಚಿತ್ರಕತೆಯನ್ನೂ ಒಂದಿಷ್ಟು ಒಪ್ಪಿಸಬೇಕು. ಮೊದಲ ಚಿತ್ರದ ನಾಯಕಿ ಮೂಲದಲ್ಲಿ ನೌಕಾದಳದವಳೇ ಆಗಿದ್ದಳು. ಅಧಿಕಾರಿಗೂ ಅಧಿಕಾರಿಯಲ್ಲದ ಸಿಬ್ಬಂದಿಗೂ ಪ್ರೇಮ ನಿಯಮಕ್ಕೆ ವಿರುದ್ಧ ಎಂದು ನೌಕಾದಳ ಆಕ್ಷೇಪಿಸಿತು. ಹಾಗಾಗಿ ಅವಳು ಹೊರಗಿನ ಪರಿಣತೆಯಾದಳು. ಅದಕ್ಕೆ ಮಾದರಿಯಾಗಿ ಮೀರಾಮಾರ್‌ನಲ್ಲೇ ಒಬ್ಬರು ಸಿಕ್ಕರು. ಕ್ರಿಸ್ಟೀನ್ ಫಾಕ್ಸ್ ಎಂಬ ಗಣಿತಜ್ಞೆ. ಅವರು ಮುಂದೆ ರಕ್ಷಣಾ ಇಲಾಖೆಯ ಹಂಗಾಮಿ ಉಪಕಾರ್ಯದರ್ಶಿಯಾದರು. ಬದಲಾವಣೆಯಿಂದ ಈ ಪಾತ್ರಕ್ಕೆ ಒಳ್ಳೆಯದೇ ಆಯಿತು, ಆದರೆ ಪ್ರತಿ ಸಲವೂ ಹೀಗಾಗುತ್ತದೆ ಎನ್ನಲು ಬರುವುದಿಲ್ಲ. ಎರಡನೆಯ ಚಿತ್ರದ ಒಪ್ಪಂದದಲ್ಲಿ ಸೇನೆ ತನ್ನ ಮುಖ್ಯ ಮಾತುಗಳನ್ನು ಕತೆಯೊಳಗೆ ಸೇರಿಸಲು ಅವಕಾಶವಿತ್ತು. ಇದು ಪ್ರಚಾರ ಅಲ್ಲದೆ ಇನ್ನೇನು ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. 1986ರಲ್ಲಿ ಕೆಲವು ಚಿತ್ರಮಂದಿರಗಳ ಹೊರಗೆ ನೌಕಾದಳ ಸೇರ್ಪಡೆಗೆ ಮೇಜು ಹಾಕಿಕೊಂಡು ಕೂತಿತ್ತು.

ಇದಕ್ಕಿಂತ ದೊಡ್ಡ ಬೆಲೆಯನ್ನೂ ತೆತ್ತದ್ದುಂಟು. 1985ರ ಸೆಪ್ಟೆಂಬರ್ 16ರಂದು ಪೈಲಟ್ ಆರ್ಟ್ ಶೋಲ್, ವಿಮಾನ ಗಿರಗಿರನೆ ಸುತ್ತುತ್ತಾ ಬೀಳುವ ದೃಶ್ಯಕ್ಕಾಗಿ ಪಿಟ್ಸ್ ವಿಮಾನದಲ್ಲಿ ಕ್ಯಾಮೆರಾ ಕಟ್ಟಿಕೊಂಡು ಹಾರಿದ್ದರು. ಸುತ್ತಿನಿಂದ ಹೊರಬರಲಾಗಲಿಲ್ಲ. ವಿಮಾನ ಕಾರ್ಲ್ಸ್‌ಬಾಡ್ ಬಳಿ ಸಮುದ್ರಕ್ಕೆ ಬಿತ್ತು. ಅವರ ದೇಹವೂ ಸಿಗಲಿಲ್ಲ, ವಿಮಾನವೂ ಸಿಗಲಿಲ್ಲ. ಮೊದಲ ಚಿತ್ರವನ್ನು ಅವರಿಗೆ ಅರ್ಪಿಸಿದ್ದಾರೆ.

ಎರಡನೆಯ ಚಿತ್ರಕ್ಕೆ ಎಷ್ಟು ದುಡ್ಡು ಸುರಿದರೂ ಸಿಗದ ವಸ್ತುವೂ ಒಂದಿತ್ತು: ಹಾರುವ ಎಫ್-14. ಅಮೆರಿಕ 2006ರಲ್ಲಿ ಅವನ್ನು ನಿವೃತ್ತಿ ಮಾಡಿತು. ಬಿಡಿಭಾಗಗಳು ಅದೇ ವಿಮಾನ ಇಟ್ಟುಕೊಂಡಿದ್ದ ಇರಾನ್ ಕೈಗೆ ಸಿಗಬಾರದೆಂದು ಬಹಳಷ್ಟನ್ನು ಚೂರುಚೂರು ಮಾಡಿತು. ಕೊನೆಗೆ ಸ್ಯಾನ್ ಡಿಯೆಗೊದ ವಿಮಾನ ವಸ್ತುಸಂಗ್ರಹಾಲಯದಿಂದ, ಹಾರಲಾಗದ ಒಂದನ್ನು ಎರವಲು ತಂದರು.

ಹೋದರೆ ಏನು ಸಿಗುತ್ತದೆ?

ಗೇಟಿನ ಹೊರಗೆ ಉಳಿದಿರುವುದು ಸ್ವಲ್ಪವೇ. ಮೊದಲ ಚಿತ್ರದ ಪಿಯಾನೋ ದೃಶ್ಯ ತೆಗೆದ 'ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ' ಸ್ಯಾನ್ ಡಿಯೆಗೊದಲ್ಲಿದೆ. 2008ರಲ್ಲಿ ಬೆಂಕಿಗೆ ಸಿಕ್ಕಿತ್ತು, ಅದೇ ವರ್ಷ ಮತ್ತೆ ತೆರೆಯಿತು. ಓಷನ್‌ಸೈಡ್‌ನಲ್ಲಿ ನಾಯಕಿಯ ಮನೆಯಿದೆ, ಈಗ ಅಲ್ಲಿ ಸಿಹಿ ಪೈ ಮಾರುತ್ತಾರೆ. ಎರಡನೆಯ ಚಿತ್ರದ ಪ್ರೀಮಿಯರ್ ನಡೆದ ಯುಎಸ್ಎಸ್ ಮಿಡ್‌ವೇ ಈಗ ಮ್ಯೂಸಿಯಂ. ಡೆಕ್ ಮೇಲೆ ಓಡಾಡಬೇಕೆಂದವರಿಗೆ ಅದೇ ಸುಲಭದ ದಾರಿ.

ಫಾಲನ್‌ನ ನಿಜವಾದ ಶಾಲೆಯೊಳಗೆ ನಮಗೆ ಪ್ರವೇಶ ಇಲ್ಲ. ಹೋದರೂ ಬಾಯಿ ಬಿಗಿಹಿಡಿದಿರಬೇಕು. ಅಲ್ಲಿನ ಶಿಕ್ಷಕರಲ್ಲಿ ಯಾರಾದರೂ ಬಾಯಿತಪ್ಪಿ ಸಿನಿಮಾದ ಡೈಲಾಗ್ ಹೇಳಿದರೆ ತಕ್ಷಣ 5 ಡಾಲರ್ ದಂಡ.